ಡ್ರಿಲ್ ಟೀಚರ್ ಅವರ ಬಲಗಾಲು

ಅವರು ಸುಮ್ಮನೆ ನಡೆಯುವುದನ್ನು ನಾನು ನೋಡಿದ್ದೇ ಕಡಿಮೆ. ಸ್ಟಾಫ್ ರೂಮಿನಿಂದ ಮೈದಾನಕ್ಕೆ, ಮೈದಾನದಿಂದ ನೀರಿನ ತೊಟ್ಟಿಗೆ, ತೊಟ್ಟಿಯಿಂದ ಹೆಡ್‌ಮಾಸ್ಟರ ಕೋಣೆಗೆ, ಎಲ್ಲ ಕಡೆಗೂ ಅರ್ಧ ಓಟದಲ್ಲೇ ಹೋಗುತ್ತಿದ್ದರು. ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದಿರುತ್ತಿದ್ದರು. ಕಾಲಲ್ಲಿ ಬಿಳಿ ಕ್ಯಾನ್ವಾಸ್ ಷೂ. ಚಳ್ಳಕೆರೆಯ ಆ ಹೆಣ್ಣುಮಕ್ಕಳ ಹೈಸ್ಕೂಲಿಗೆ ನಾನು ವಿಜ್ಞಾನದ ಟೀಚರಾಗಿ ಸೇರಿದ ದಿನವೇ ವರಾಂಡದ ತಿರುವಿನಲ್ಲಿ ನನಗೆ ಢಿಕ್ಕಿ ಹೊಡೆದರು. ಕೈಯಲ್ಲಿದ್ದ ಪುಸ್ತಕಗಳೆಲ್ಲ ನೆಲಕ್ಕೆ ಬಿದ್ದವು. ಬಗ್ಗಿ ಒಂದೇ ಸಲಕ್ಕೆ ಎಲ್ಲವನ್ನೂ ಬಾಚಿ ನನ್ನ ಕೈಗಿತ್ತು, "ಹೊಸಬ್ರಾ? ಈ ತಿರುವಿನಾಗೆ ಮಾತ್ರ ಹುಷಾರಾಗಿರ್ರಿ. ಇಲ್ಲಿ ನಾನು ಬರ್ತಾ ಇರ್ತೀನಿ" ಎಂದು ಹೇಳಿ ಮತ್ತೆ ಓಡಿದರು.

ಹಾಗೆ ಬಗ್ಗಿ ಏಳುತ್ತಿದ್ದ ಆ ಬೆನ್ನನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಅದು ತೊಂಬತ್ತರ ದಶಕದ ನಡುವಿನ ಮಾತು. ಅವರು ನಮ್ಮ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕಿ. ಊರಿನವರ ಬಾಯಲ್ಲಿ ಡ್ರಿಲ್ ಟೀಚರ್, ಹುಡುಗಿಯರ ಬಾಯಲ್ಲಿ ಪಿ.ಟಿ. ಮಿಸ್. ಮದುವೆಯಾಗಿರಲಿಲ್ಲ. ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿ ತಾಯಿಯ ಜೊತೆ ಬಾಡಿಗೆಗೆ ಇದ್ದರು. ನನಗೂ ಅದೇ ಸಾಲಿನಲ್ಲಿ ಪಕ್ಕದ ಮನೆ ಸಿಕ್ಕಿತು. ಶೇಂಗಾ ಹಿಂಡಿಯ ವಾಸನೆ ನಮ್ಮಿಬ್ಬರ ಸೀರೆಗಳಲ್ಲೂ ಸದಾ ಇರುತ್ತಿತ್ತು. ಅವರ ಊರು ಮೊಳಕಾಲ್ಮುರು. ಅಣ್ಣ ಅಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ತಾಯಿ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಮಾತಾಡುವ ಸಣಕಲು ಮುದುಕಿ. ಮಗಳನ್ನು ಹೊರಗೆ ಎಲ್ಲರೂ ಹೊಗಳಿದರೂ ಮನೆಯಲ್ಲಿ, "ಇದು ಗಂಡಾಗಿ ಹುಟ್ಬೇಕಿತ್ತು, ಎಲ್ಲೋ ತಪ್ಪಿ ನನ್ನ ಹೊಟ್ಟೇಲಿ ಹಿಂಗೆ ಬಂತು" ಎಂದು ಗೊಣಗುತ್ತಿದ್ದರು.

ಖೋ ಖೋ ಎಂದರೆ ಅವರಿಗೆ ಪ್ರಾಣ. ಮಳೆಯಿಲ್ಲದ ನಮ್ಮ ಸೀಮೆಯ ಗಟ್ಟಿ ನೆಲದಲ್ಲಿ ಹುಡುಗಿಯರು ಬಿದ್ದು ಮೊಣಕಾಲು ತರಚಿಕೊಂಡರೆ ಮುದ್ದು ಮಾಡುತ್ತಿರಲಿಲ್ಲ. "ಏಳೇ, ಏಳು! ಮಣ್ಣನ್ನ ಸಾಯಂಕಾಲ ಕೊಡವಿಕೊಂಡ್ರಾಯ್ತು" ಎನ್ನುತ್ತಿದ್ದರು. ಆಟ ಮುಗಿದ ಮೇಲೆ ಮಾತ್ರ ಅದೇ ಹುಡುಗಿಯನ್ನು ತೊಟ್ಟಿಯ ಬಳಿ ಕೂರಿಸಿ, ಗಾಯ ತೊಳೆದು, ತಮ್ಮ ಚೀಲದಿಂದ ಔಷಧಿ ತೆಗೆದು ಹಚ್ಚುತ್ತಿದ್ದರು. ಹಚ್ಚುವಾಗ ಹುಡುಗಿಗಿಂತ ಮೊದಲು ತಾವೇ ಉಫ್ ಉಫ್ ಎಂದು ಊದುತ್ತಿದ್ದರು.

ಊರಾಚೆಯ ಒಂದು ಕುರಿಗಾರರ ಹಟ್ಟಿಯಿಂದ ಚಿತ್ತಮ್ಮ ಎಂಬ ಹುಡುಗಿ ಎಂಟನೇ ತರಗತಿಗೆ ಸೇರಿದ್ದಳು. ಅವಳ ಓಟ ನೋಡಿದ ದಿನವೇ ಡ್ರಿಲ್ ಟೀಚರ್ ಸ್ಟಾಫ್ ರೂಮಿಗೆ ಬಂದು, "ಒಂದು ಸಿಕ್ತು ಕಣೆ! ಮೇಕೆ ಮರಿ ಹಂಗೆ ತಿರುಗ್ತಾಳೆ!" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಆದರೆ ಸಂಜೆ ಆಡಲು ನಿಲ್ಲುವುದಕ್ಕೆ ಮನೆಯವರು ಬಿಡಲಿಲ್ಲ. ಮುಂದಿನ ಭಾನುವಾರ ನನ್ನನ್ನೂ ಎಳೆದುಕೊಂಡು ಆ ಹಟ್ಟಿಗೆ ಹೋದರು. ಮುಳ್ಳುಬೇಲಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು, ಅದು ಅಲ್ಲಿಯ ಪದ್ಧತಿ. ಹುಡುಗಿಯ ತಾಯಿ ಕುರಿಗೆ ಸೊಪ್ಪು ಹಾಕುತ್ತ, ತಲೆ ಎತ್ತದೆ, "ಹೆಣ್ಣುಡ್ಗಿ ಓಡಿ ಏನ್ ಮಾಡ್ಬೇಕವ್ವ?" ಎಂದಳು.

"ನೀನು ಕುರಿ ಹಿಂದೆ ಓಡಲ್ವಾ?" ಎಂದರು ಇವರು.

"ಅದು ಹೊಟ್ಟೆಪಾಡು."

"ಸರಿ. ಈಗ ನನ್ನನ್ನ ಹಿಡಿ ನೋಡಾನ. ಹಿಡಿದ್ರೆ ನಿನ್ನ ಮಗಳ ತಂಟೆಗೆ ಬರಲ್ಲ, ಹಿಂಗೇ ವಾಪಸ್ ಹೋಗ್ತೀನಿ."

ಹಟ್ಟಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ಅವಳು ಮೊದಲು ನಾಚಿದಳು, ಆಮೇಲೆ ಸೀರೆ ಎತ್ತಿ ಕಟ್ಟಿದಳು. ಇಬ್ಬರೂ ಬರಿಗಾಲಲ್ಲಿ ಆ ಅಂಗಳದ ಬೇವಿನ ಮರ ಸುತ್ತಿದ್ದೇ ಸುತ್ತಿದ್ದು. ಕೊನೆಗೆ ಅವಳು ಇವರ ಸೆರಗು ಹಿಡಿದೇಬಿಟ್ಟಳು. ಇಬ್ಬರೂ ಮಣ್ಣಿನಲ್ಲಿ ಕೂತು ಉಸಿರು ಸಿಗದಷ್ಟು ನಕ್ಕರು. ಟೀಚರ್ ಸೋತಿದ್ದರು. ಮಾತಿನಂತೆ ಎದ್ದು ಹೊರಟರು. ಬೇಲಿ ದಾಟಿ ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಅವಳೇ ಕೂಗಿದಳು: "ಟೀಚರವ್ವಾ, ಕತ್ತಲಾಗಕ್ಕೆ ಮುಂಚೆ ಬಿಟ್ಬಿಡು ಹುಡ್ಗೀನ!"

ಮರುವರ್ಷ ಬೇಸಿಗೆ ರಜೆ ಹತ್ತಿರವಿದ್ದಾಗ ಒಂದು ಸಂಜೆ, ಮೈದಾನದಲ್ಲಿ ಹೂತಿದ್ದ ಖೋ ಖೋ ಕಂಬವನ್ನು ಜಾಗ ಬದಲಿಸಬೇಕಿತ್ತು. ಜವಾನ ಬರುವುದು ತಡವಾಯಿತೆಂದು ಟೀಚರ್ ತಾವೇ ಕಂಬ ತಬ್ಬಿ ಮೇಲಕ್ಕೆಳೆದರು. ಕಂಬ ಬಂತು. ಅವರು ಏಳಲಿಲ್ಲ. ಹುಡುಗಿಯರು ಕಿರುಚಿದ್ದು ಕೇಳಿ ನಾವು ಓಡಿದಾಗ ಮೊಣಕಾಲೂರಿ, ಎರಡೂ ಕೈಯಲ್ಲಿ ಸೊಂಟ ಹಿಡಿದು, ಬೆವರುತ್ತ ಕೂತಿದ್ದರು. "ಏನಿಲ್ಲ, ಲಟಕ್ ಅಂತು ಅಷ್ಟೇ" ಎಂದು ನಗಲು ನೋಡಿದರು.

ಆಮೇಲಿನ ದಿನಗಳಲ್ಲಿ ನೋವು ಸೊಂಟದಿಂದ ಬಲಗಾಲಿಗೆ ಇಳಿಯಿತು. ನೀವಿಸಿಕೊಂಡರು. ರಾಯದುರ್ಗದ ಕಡೆಯಿಂದ ಬಂದ ಒಬ್ಬ ನಾಟಿ ವೈದ್ಯ ಎಣ್ಣೆ ಕಾಸಿ ಕಟ್ಟು ಹಾಕಿದ. ಕಡಿಮೆಯಾಗಲಿಲ್ಲ. ಪಾದ ಎತ್ತಿದರೆ ಏಳದೆ ನೆಲಕ್ಕೆ ಉಜ್ಜತೊಡಗಿದಾಗ ದಾವಣಗೆರೆಗೆ ಕರೆದುಕೊಂಡು ಹೋದೆವು. ಬೆನ್ನುಮೂಳೆಯ ನಡುವಿನ ಮೆತ್ತೆ ಜಾರಿ ನರವನ್ನು ಒತ್ತುತ್ತಿದೆ, ಆಪರೇಷನ್ ಮಾಡದಿದ್ದರೆ ಕಾಲು ಸ್ವಾಧೀನ ತಪ್ಪುತ್ತದೆ ಎಂದರು ಡಾಕ್ಟರು. ತಾಯಿ ಹೆದರಿ ಅಳತೊಡಗಿದರು. ಇವರು ಕೇಳಿದ್ದು ಒಂದೇ ಪ್ರಶ್ನೆ: "ಮತ್ತೆ ಓಡಬಹುದಾ ಸಾರ್?"

"ಮೊದಲು ನಡೀರಮ್ಮ" ಎಂದರು ಡಾಕ್ಟರು.

ಆಪರೇಷನ್ ಚೆನ್ನಾಗಿಯೇ ಆಯಿತು. ಅದನ್ನು ಎಲ್ಲರೂ ಹೇಳಿದರು, ನಾನೂ ಹೇಳುತ್ತೇನೆ. ಸೊಂಟದ ಸೆಳೆತ ಹೋಯಿತು. ಮಂಚದ ಮೇಲೆ ಮಲಗಿಯೇ ಬಲಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ ತೋರಿಸಿದರು. "ನೋಡೇ, ನೋಡೇ, ಮಾತು ಕೇಳ್ತೈತೆ!" ಎಂದು ಮಗುವಿನ ಹಾಗೆ ಖುಷಿಪಟ್ಟರು. ನಾನು ಮಂಡಕ್ಕಿ ಮೆಣಸಿನಕಾಯಿ ತಂದು ಆ ವಾರ್ಡಿನವರಿಗೆಲ್ಲ ಹಂಚಿದೆ. ಈಗ ನೆನೆದರೆ ಅದೆಂಥ ಅವಸರದ ಸಂತೋಷ ಎನ್ನಿಸುತ್ತದೆ.

ಮನೆಗೆ ಬಂದು ಕೆಲವು ವಾರಗಳಾಗಿದ್ದವು. ಒಂದು ಬೆಳಿಗ್ಗೆ ತಾಯಿ ಅವರ ಕಾಲ ಮೇಲೆ ದುಪ್ಪಟಿ ಎಳೆದರು. "ಅವ್ವಾ, ಬಿಸಿ ನೀರು ಯಾಕೆ ಹಾಕ್ದೆ?" ಎಂದು ಕೂಗಿಕೊಂಡರಂತೆ. ನೀರೂ ಇರಲಿಲ್ಲ, ಬಿಸಿಯೂ ಇರಲಿಲ್ಲ. ಹತ್ತಿಯ ಹಳೆಯ ದುಪ್ಪಟಿ ಪಾದಕ್ಕೆ ಸೋಕಿತ್ತು, ಅಷ್ಟೇ.

ಅಲ್ಲಿಂದ ಶುರುವಾಯಿತು. ಬಲಗಾಲಿನ ಮೀನಖಂಡದಿಂದ ಹೆಬ್ಬೆರಳವರೆಗೆ ಕೆಂಡ ಸುರಿದಂತೆ ಉರಿ. ನಡುನಡುವೆ ಕರೆಂಟ್ ಹೊಡೆದ ಹಾಗೆ ಜುಂ ಎನ್ನುವುದು. ಜೋರಾಗಿ ಒತ್ತಿ ಹಿಡಿದರೆ ಹೇಗೋ ಸಹಿಸುತ್ತಿದ್ದರು. ಹಗುರವಾಗಿ ತಾಗಿದರೇ ತಡೆಯಲಾಗುತ್ತಿರಲಿಲ್ಲ. ಸೀರೆಯ ಅಂಚು ತಾಗಬಾರದು, ಫ್ಯಾನಿನ ಗಾಳಿ ತಾಗಬಾರದು, ನೊಣ ಕೂರಬಾರದು. ಸ್ನಾನ ಮಾಡುವಾಗ ಬಲಗಾಲನ್ನು ಬಚ್ಚಲಿನ ಹೊರಗೆ ಚಾಚಿರುತ್ತಿದ್ದರು. ನೋಡಿದರೆ ಆ ಕಾಲಿನಲ್ಲಿ ಏನೂ ಇಲ್ಲ. ಬಾವಿಲ್ಲ, ಕೆಂಪಿಲ್ಲ, ಗಾಯವಿಲ್ಲ. ಎಡಗಾಲಿನ ಹಾಗೇ ಒಳ್ಳೆಯ ಕಾಲು.

ದಾವಣಗೆರೆಗೆ ಮತ್ತೆ ಹೋದೆವು. ಬೆನ್ನಿನ ಹೊಸ ಸ್ಕ್ಯಾನಿಂಗ್ ಫೋಟೋ ತೆಗೆಸಿದರು. ನರದ ಮೇಲೆ ಈಗ ಒತ್ತಡವೇ ಇಲ್ಲ, ಎಲ್ಲ ಸರಿಯಾಗಿದೆ ಎಂದರು. ಬಸ್ ಸ್ಟ್ಯಾಂಡಿನಲ್ಲಿ ಕಾಯುವಾಗ ಇವರು ನನ್ನನ್ನು ಕೇಳಿದರು, "ಫೋಟೋದಾಗೆ ಬೆಂಕಿ ಬರಲ್ವಾ?" ನಾನು ವಿಜ್ಞಾನ ಓದಿದವಳು. ಬಸ್ಸಿನ ಬೋರ್ಡು ಓದುವ ನೆಪದಲ್ಲಿ ಮುಖ ತಿರುಗಿಸಿದೆ.

ಅವರ ತಾಯಿ ಅದನ್ನು ತೆಲುಗಿನಲ್ಲಿ ನೊಪ್ಪಿ ಎನ್ನುತ್ತಿದ್ದರು. ನೋವು ಎಂಬುದಕ್ಕೆ ಅವರ ಮನೆಯ ಮಾತು. ಬರಬರುತ್ತ ಅದು ಮನೆಯಲ್ಲಿರುವ ಇನ್ನೊಬ್ಬ ಮನುಷ್ಯನ ಹೆಸರಿನಂತಾಯಿತು. ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತು ಕಣ್ಣಲ್ಲೇ ಹೇಗಿದ್ದಾರೆಂದು ಕೇಳಿದರೆ, "ನೊಪ್ಪಿ ಇನ್ನೂ ಎದ್ದಿಲ್ಲ, ಮೆಲ್ಲಗೆ ಬಾ" ಎಂದೋ, "ಆಗ್ಲೇ ಎದ್ದು ಕುಂತೈತವ್ವ" ಎಂದೋ ತಾಯಿ ಪಿಸುಗುಡುತ್ತಿದ್ದರು.

ರಜೆ ಮುಗಿದ ಮೇಲೆ ಶಾಲೆಗೆ ಬರಲೇಬೇಕಾಯಿತು. ಶಾಲೆ ಹತ್ತಿರವೇ, ಆದರೆ ನಡೆಯಲಾಗುತ್ತಿರಲಿಲ್ಲ. ನಮ್ಮ ಬೀದಿಯ ಕೊನೆಯಲ್ಲಿದ್ದ ಖಾದರ್ ಭಾಯಿ ತಮ್ಮ ಆಟೋದಲ್ಲಿ ಕರೆದೊಯ್ಯುತ್ತಿದ್ದರು. ಗುಂಡಿ ಬರುವ ಮೊದಲೇ ತಲೆ ಹಿಂದಕ್ಕೆ ತಿರುಗಿಸಿ, "ಆಪಾ, ಗುಂಡಿ ಐತೆ... ಆಯ್ತು, ದಾಟ್ತು" ಎನ್ನುತ್ತ, ನಡೆಯುವವರಿಗಿಂತ ನಿಧಾನವಾಗಿ ಓಡಿಸುತ್ತಿದ್ದರು. ಹಿಂದಿನ ಲಾರಿಗಳು ಹಾರ್ನ್ ಹೊಡೆದರೆ ಕೈ ಹೊರಗೆ ಚಾಚಿ ಉರ್ದುವಿನಲ್ಲಿ ಬಯ್ಯುತ್ತಿದ್ದರು. ಆ ಬೈಗುಳ ಕೇಳಿ ಟೀಚರ್ ನಗುತ್ತಿದ್ದರು. ದಿನದಲ್ಲಿ ಅವರು ನಗುತ್ತಿದ್ದದ್ದು ಬಹುಶಃ ಅದೊಂದೇ ಸಲ.

ಮೈದಾನದ ಅಂಚಿನ ಹೊಂಗೆ ಮರದ ಕೆಳಗೆ ಅವರಿಗೊಂದು ಬೆಂಚು ಹಾಕಿಸಿದೆವು. ಬಲಗಡೆ ಸೀರೆಯನ್ನು ಮೊಣಕಾಲ ಹತ್ತಿರಕ್ಕೆ ಎತ್ತಿ ಪಿನ್ ಹಾಕಿ, ಬರಿಯ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಕೂರುತ್ತಿದ್ದರು. ಹೆಂಗಸೊಬ್ಬಳು ಹಾಗೆ ಕೂತರೆ ಊರು ಸುಮ್ಮನಿರುತ್ತದೆಯೇ? ಮಾತು ಬಂತು. ಸ್ಟಾಫ್ ರೂಮಿನಲ್ಲೂ ಬಂತು. "ಆಪರೇಷನ್ ಆಗಿ ಇಷ್ಟು ದಿನ ಆಯ್ತಲ್ರೀ, ಇನ್ನೇನು ನೋವು? ಕೂತು ಸಂಬಳ ತಗಳ್ಳಾಕೆ ಒಳ್ಳೇ ದಾರಿ" ಎಂದರೊಬ್ಬರು. ಟೀಚರ್ ಬಾಗಿಲಲ್ಲೇ ಇದ್ದರು. ಕೇಳಿಸಿಕೊಂಡರು. ಮೊದಲಿನ ಟೀಚರಾಗಿದ್ದರೆ ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದರು. ಅಂದು ಹಿಂದಕ್ಕೆ ತಿರುಗಿ ಗೋಡೆ ಹಿಡಿದು ನಿಧಾನವಾಗಿ ಹೋದರು.

ಡಾಕ್ಟರು ಮಾತ್ರೆಗಳನ್ನು ಕೊಟ್ಟಿದ್ದರು. ಅವು ಉರಿಯನ್ನು ಒಂದಿಷ್ಟು ತಗ್ಗಿಸುತ್ತಿದ್ದವು, ಜೊತೆಗೆ ಟೀಚರನ್ನೂ ತಗ್ಗಿಸುತ್ತಿದ್ದವು. ಹಗಲೆಲ್ಲ ತೂಕಡಿಕೆ. ಹುಡುಗಿಯರ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಬಾಯಿ ಎಷ್ಟು ಒಣಗುತ್ತಿತ್ತೆಂದರೆ ಸೀಟಿ ಊದಲು ತುಟಿ ಕೂಡುತ್ತಿರಲಿಲ್ಲ. ಊದಿದರೆ ಬರೀ ಗಾಳಿ ಬರುತ್ತಿತ್ತು. ಹುಡುಗಿಯರು ಮೊದಮೊದಲು ಮುಖ ಮುಖ ನೋಡಿಕೊಂಡರು. ಆಮೇಲೆ ಚಿತ್ತಮ್ಮ ಸೀಟಿಯನ್ನು ಅವರ ಕೈಯಿಂದ ತೆಗೆದುಕೊಂಡು, "ನೀವು ಕೈ ತೋರ್ಸಿ ಮಿಸ್, ನಾವು ಊದ್ತೀವಿ" ಎಂದಳು.

ಹತ್ತನೆಯ ತರಗತಿಗೆ ನಾನು ನರಮಂಡಲದ ಪಾಠ ಮಾಡುತ್ತಿದ್ದೆ. ಕಿಟಕಿಯಾಚೆಯೇ ಅವರ ಬೆಂಚು. ಬಿಸಿ ಪಾತ್ರೆಗೆ ಕೈ ತಾಗಿದರೆ ಸುದ್ದಿ ಬೆನ್ನುಹುರಿಗೆ ಹೋಗಿ, ನಾವು ಯೋಚಿಸುವ ಮೊದಲೇ ಕೈ ಹಿಂದಕ್ಕೆ ಸರಿದಿರುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದೆ. ಗಂಟೆ ಹೊಡೆದ ಮೇಲೆ ಹೊರಗೆ ಬಂದಾಗ ಅವರು ಕರೆದರು.

"ಚೆನ್ನಾಗಿ ಹೇಳಿದೆ ಕಣೆ ಪಾಠ."

"ಕೇಳಿಸ್ತಾ ಅಕ್ಕ?"

"ಕೇಳಿಸ್ತು. ಬೆಂಕಿ ಹೊರಗಿದ್ರೆ ಕಾಲು ಹಿಂದಕ್ಕೆ ಎಳ್ಕೋಬಹುದು. ಬೆಂಕಿ ಕಾಲಿನಾಗೇ ಇದ್ರೆ ಎಲ್ಲಿಗೆ ಎಳ್ಕೊಳ್ಳೋದು? ಅದೂ ಪುಸ್ತಕದಾಗೆ ಐತಾ?"

ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. ನಾನು ಸೀಮೆಸುಣ್ಣದ ಕೈಯನ್ನು ಒರೆಸಿಕೊಳ್ಳುತ್ತ ನಿಂತೆ.

ಆ ದಿನಗಳಲ್ಲಿ ವ್ಯಾಯಾಮ ಹೇಳಿಕೊಡುವ ಒಬ್ಬ ಡಾಕ್ಟರಮ್ಮ ಒಂದು ಉಪಾಯ ಹೇಳಿದ್ದರು. ಕಾಲಿಗೆ ಮುಟ್ಟುವುದನ್ನು ಮತ್ತೆ ಕಲಿಸಬೇಕು. ಮೊದಲು ಹತ್ತಿ, ಆಮೇಲೆ ಬಟ್ಟೆ, ಆಮೇಲೆ ಕಾಳು. ದಿನಾ ಸಂಜೆ ತಾಯಿ ಅಗಲವಾದ ಬೋಗುಣಿಯಲ್ಲಿ ನವಣೆ ತುಂಬಿಟ್ಟು ಪಕ್ಕದಲ್ಲಿ ಕೂರುತ್ತಿದ್ದರು. ಟೀಚರ್ ಅದರೊಳಗೆ ಪಾದ ಇಳಿಸುತ್ತಿದ್ದರು. ಇಳಿಸುವ ಮೊದಲು ಬಾವಿಗೆ ಇಳಿಯುವವರ ಹಾಗೆ ಒಮ್ಮೆ ನಮ್ಮಿಬ್ಬರ ಮುಖ ನೋಡುತ್ತಿದ್ದರು. ನನ್ನ ಕೆಲಸ ಮಕ್ಕಳ ಉತ್ತರ ಪತ್ರಿಕೆ ಓದುವುದು. "ಹೃದಯಕ್ಕೆ ನಾಲ್ಕು ರೂಮು, ಬಾಡಿಗೆ ಇಲ್ಲ" ಎಂಬಂಥ ಉತ್ತರಗಳನ್ನು ಹುಡುಕಿ ಗಟ್ಟಿಯಾಗಿ ಓದುತ್ತಿದ್ದೆ. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ತುಟಿ ನಗುತ್ತಿತ್ತು. ತಾಯಿ ಗೋಡೆಯ ಕಡೆ ಮುಖ ಮಾಡಿಕೊಳ್ಳುತ್ತಿದ್ದರು. ತಿಂಗಳುಗಟ್ಟಲೆ ಮಾಡಿದ ಮೇಲೆ ಪೆಟಿಕೋಟಿನ ಅಂಚು ತಾಗಿದರೆ ಸಹಿಸುವಷ್ಟಾಯಿತು. ಅದೂ ಒಳ್ಳೆಯ ದಿನ ಮಾತ್ರ. ಒಳ್ಳೆಯ ದಿನ ಸಿಕ್ಕಿತೆಂದು ಸ್ವಲ್ಪ ಹೆಚ್ಚು ಓಡಾಡಿದರೆ ಮುಂದಿನ ದಿನಗಳು ಅದರ ಸೇಡು ತೀರಿಸಿಕೊಳ್ಳುತ್ತಿದ್ದವು.

ಆ ವರ್ಷ ನಮ್ಮ ಹುಡುಗಿಯರು ಚಿತ್ರದುರ್ಗದಲ್ಲಿ ನಡೆಯುವ ಜಿಲ್ಲಾ ಮಟ್ಟದ ಪಂದ್ಯಕ್ಕೆ ಹೋಗುವುದೆಂದಾಯಿತು. ಹೆಡ್‌ಮಾಸ್ಟರು ಒಳ್ಳೆಯವರು, "ನೀವು ಬೇಡ ಟೀಚರ್, ಬೇರೆ ಯಾರನ್ನಾದ್ರೂ ಕಳಿಸ್ತೀನಿ" ಎಂದರು. ಇವರು ಕೇಳಲಿಲ್ಲ. ಮಂಪರು ಇರಬಾರದೆಂದು ಹಿಂದಿನ ದಿನದಿಂದಲೇ ಮಾತ್ರೆ ನಿಲ್ಲಿಸಿದರು. ನಾನು ಬೇಡವೆಂದು ಬೇಡಿಕೊಂಡೆ. "ಹುಡುಗೀರು ಆಡೋದನ್ನ ನಿದ್ದೆಗಣ್ಣಾಗೆ ನೋಡ್ಲಾ?" ಎಂದರು. ಜೊತೆಗೆ ನಾನೂ ಹೋದೆ. ಹಟ್ಟಿಯಿಂದ ಚಿತ್ತಮ್ಮನ ಅಪ್ಪನೂ ಮತ್ತಿಬ್ಬರು ಹಿರಿಯರೂ ಬಿಳಿ ರುಮಾಲು ಸುತ್ತಿಕೊಂಡು ಬಂದಿದ್ದರು. ತಮ್ಮ ಹಟ್ಟಿಯ ಹುಡುಗಿಯ ಆಟ ನೋಡಲು ಅವರು ಊರು ಬಿಟ್ಟು ಬಂದದ್ದು ಅದೇ ಮೊದಲು.

ಫೈನಲ್ ಪಂದ್ಯದುದ್ದಕ್ಕೂ ಟೀಚರ್ ಕೂರಲಿಲ್ಲ. ಗೆರೆಯಾಚೆ ಒಂಟಿ ಕಾಲಿನ ಮೇಲೆ ಭಾರ ಬಿಟ್ಟು ನಿಂತು, ಮೊದಲಿನ ದನಿಯಲ್ಲಿ, "ಕಂಬ ನೋಡೇ! ಕಂಬ!" ಎಂದು ಕೂಗುತ್ತಿದ್ದರು. ಕೊನೆಯ ಗಳಿಗೆಯಲ್ಲಿ ಚಿತ್ತಮ್ಮ ನೆಲಕ್ಕೆ ಹಾರಿ ಎದುರಾಳಿಯ ಹಿಮ್ಮಡಿ ಮುಟ್ಟಿದಳು. ನಮ್ಮವರು ಗೆದ್ದರು.

ಹುಡುಗಿಯರು ಕೂಗಾಡುತ್ತ ನಮ್ಮತ್ತ ಓಡಿಬಂದರು. ಎಲ್ಲರಿಗಿಂತ ಮುಂದೆ ಚಿತ್ತಮ್ಮ. ಬಂದವಳೇ ಗೆದ್ದ ಭರದಲ್ಲಿ ಎಲ್ಲ ಮರೆತು ಬಗ್ಗಿ, ಎರಡೂ ಕೈಯಲ್ಲಿ ಟೀಚರ ಪಾದ ಮುಟ್ಟಿದಳು.

ಆ ಕೂಗನ್ನು ನಾನು ಮರೆಯಲಾರೆ. ಟೀಚರ್ ಚೀರಿ, ಹುಡುಗಿಯ ಭುಜವನ್ನು ಎರಡೂ ಕೈಯಿಂದ ತಳ್ಳಿಬಿಟ್ಟರು. ಚಿತ್ತಮ್ಮ ಅಂಗಾತ ಬಿದ್ದಳು. ಟೀಚರ್ ಕುಸಿದು ಕೂತು ಮಂಡಿ ಹಿಡಿದುಕೊಂಡಿದ್ದರು, ಮಾತು ಹೊರಡುತ್ತಿರಲಿಲ್ಲ. ನಾನು ಅವರನ್ನು ಹಿಡಿದುಕೊಳ್ಳುವಷ್ಟರಲ್ಲಿ ಚಿತ್ತಮ್ಮನ ಅಪ್ಪ ಬಂದು ಮಗಳನ್ನು ಎಬ್ಬಿಸಿದ್ದ.

"ನಮ್ ಹುಡ್ಗಿ ಮುಟ್ಟಿದ್ರೆ ಮೈಲಿಗೆ ಆಗ್ತೈತಾ ಟೀಚರಮ್ಮಗೆ?" ಎಂದ. ಕೂಗಲಿಲ್ಲ. ತಗ್ಗಿದ ದನಿಯಲ್ಲೇ ಕೇಳಿದ. "ಗೆಲ್ಲಾಕೆ ನಮ್ಮ ಕಾಲು ಬೇಕು. ಮುಟ್ಟಾಕೆ ನಮ್ಮ ಕೈ ಬ್ಯಾಡ. ನಡೀ ಮಗ."

ನಾನು ಹಿಂದೆ ಓಡಿ ಹೇಳಿದೆ: ಅವರಿಗೆ ಕಾಲು ನೋವು, ಆಪರೇಷನ್ ಆಗಿದೆ, ಮುಟ್ಟಿದರೆ ಉರಿಯುತ್ತದೆ. ಅವನು ತಿರುಗಿ ನನ್ನ ಮುಖವನ್ನೇ ನೋಡಿದ. "ಆಪರೇಷನ್ ಬೆನ್ನಿಗಲ್ವೇನವ್ವ?" ಎಂದ. ಬಹುಮಾನದ ಬಟ್ಟಲು ತೆಗೆದುಕೊಳ್ಳಲು ಕರೆದಾಗ ಚಿತ್ತಮ್ಮ ಅಲ್ಲಿರಲಿಲ್ಲ.

ಸೋಮವಾರ ಅವಳು ಶಾಲೆಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಟೀಚರ್ ಮಂಚದ ಮೇಲಿದ್ದರು. "ಆ ಹುಡುಗಿ ಕಣ್ಣು ನೋಡ್ದೆಯೇನೇ?" ಎಂದು ಅದನ್ನೇ ಹೇಳುತ್ತಿದ್ದರು. ಹೆಡ್‌ಮಾಸ್ಟರು ಹಟ್ಟಿಗೆ ಜವಾನನನ್ನು ಕಳಿಸಿದರು. ಹುಡುಗಿಯನ್ನು ಇನ್ನು ಕಳಿಸುವುದಿಲ್ಲ, ಓದು ಸಾಕು ಎಂದು ಮನೆಯವರು ಹೇಳಿಕಳಿಸಿದರು. ಆ ಮಾತು ಕೇಳಿದ ಮಧ್ಯಾಹ್ನವೇ ಟೀಚರ್ ಖಾದರ್ ಭಾಯಿಯನ್ನು ಕರೆಸಿದರು.

ಹಟ್ಟಿಯ ದಾರಿ ಎಂಥದ್ದೆಂದು ನಮಗೆಲ್ಲ ಗೊತ್ತಿತ್ತು. ಖಾದರ್ ಭಾಯಿ, "ಬೇಡ ಆಪಾ. ಈ ರಸ್ತೇಲಿ ನಾನು ಒಂದು ಗುಂಡಿ ತಪ್ಪಿಸಬಹುದು, ಎಲ್ಲ ಹೆಂಗೆ ತಪ್ಪಿಸ್ಲಿ?" ಎಂದರು. ಆದರೂ ಹೊರಟೆವು. ದಾರಿಯುದ್ದಕ್ಕೂ ಟೀಚರ್ ನನ್ನ ಕೈ ಹಿಡಿದಿದ್ದರು. ಇಳಿದಾಗ ನನ್ನ ಬೆರಳುಗಳು ಮರಗಟ್ಟಿದ್ದವು. ಬೇಲಿಯ ಬಳಿ ಅವರು ಚಪ್ಪಲಿ ಬಿಟ್ಟರು. ಬೇಡವೆಂದು ನಾನು ಹೇಳಹೊರಟೆ. ಅವರು ಆಗಲೇ ಕಲ್ಲು ಮರಳಿನ ನೆಲಕ್ಕೆ ಬಲಗಾಲೂರಿ ಒಳಗೆ ಹೋಗುತ್ತಿದ್ದರು.

ಚಿತ್ತಮ್ಮನ ಮನೆಯ ಮುಂದೆ ಅವಳ ತಾಯಿ ಕಂಬಳಿ ಹಾಸಿದಳು. ಅಪ್ಪ ಬಾಗಿಲ ಪಕ್ಕ ಬೇರೆ ಕಡೆ ನೋಡುತ್ತ ಕೂತ. ಹುಡುಗಿ ಒಳಗಿದ್ದಳು. ಟೀಚರ್ ಬಲಗಾಲು ಚಾಚಿ, ಸೀರೆ ಸರಿಸಿದರು. ತಾಯಿ ಬಗ್ಗಿ ಎಲ್ಲ ಮಗ್ಗುಲಿಂದ ನೋಡಿದಳು.

"ಏನೂ ಇಲ್ವಲ್ಲವ್ವ" ಎಂದಳು ಕೊನೆಗೆ.

"ಏನೂ ಇಲ್ಲ" ಎಂದರು ಟೀಚರ್. "ಅದೇ ನನ್ನ ಕಷ್ಟ. ತೋರ್ಸಾಕೆ ಏನೂ ಇಲ್ಲ. ಚಿತ್ತಮ್ಮನ್ನ ಕರಿ."

ಚಿತ್ತಮ್ಮ ಬಂದು ಬಾಗಿಲಿಗೆ ಅಂಟಿಕೊಂಡು ನಿಂತಳು. ಅತ್ತು ಅತ್ತು ಮುಖ ಊದಿತ್ತು.

"ಬಾರೇ. ಅವತ್ತು ಮುಟ್ಟಾಕೆ ಬಿಡ್ಲಿಲ್ಲ. ಈಗ ಮುಟ್ಟು."

ನಾನು, "ಅಕ್ಕಾ!" ಎಂದೆ. ಅವರು ನನ್ನತ್ತ ನೋಡಲೇ ಇಲ್ಲ. ಸೆರಗಿನ ತುದಿಯನ್ನು ಮಡಚಿ ಹಲ್ಲಿನ ನಡುವೆ ಕಚ್ಚಿಕೊಂಡು ಹುಡುಗಿಗೆ ಕೈಸನ್ನೆ ಮಾಡಿದರು. ಚಿತ್ತಮ್ಮ ಹೆದರುತ್ತ ಕೂತು ಬೆರಳ ತುದಿಯಿಂದ ಪಾದ ಮುಟ್ಟಿದಳು. ಟೀಚರ ಕುತ್ತಿಗೆಯ ನರಗಳು ಉಬ್ಬಿದವು. ಮೈಯೆಲ್ಲ ಬೆವರೊಡೆಯಿತು. ಕಾಲು ಮಾತ್ರ ಕದಲಲಿಲ್ಲ. ಅವರ ಕೈ ನಿಧಾನವಾಗಿ ಬಂದು ಹುಡುಗಿಯ ತಲೆಯ ಮೇಲೆ ಕೂತಿತು. ಬೆರಳುಗಳು ಹುಡುಗಿಯ ಜಡೆಯನ್ನು ಬಿಗಿಯಾಗಿ ಹಿಡಿದವು.

ಚಿತ್ತಮ್ಮನೇ ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. "ಬ್ಯಾಡ ಮಿಸ್! ಬ್ಯಾಡ, ಸಾಕು!" ಎಂದು ಬಿಕ್ಕುತ್ತ ಅಪ್ಪನ ಕಡೆ ತಿರುಗಿದಳು. "ಯಪ್ಪಾ, ನೋಡು, ಇವ್ರಿಗೆ ನಿಜವಾಗ್ಲೂ ಆಗ್ತೈತೆ!"

ಅಪ್ಪ ಆಗಲೇ ಎದ್ದು ನಿಂತಿದ್ದ. ಏನು ಮಾಡಬೇಕೆಂದು ತಿಳಿಯದೆ, ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದು ಟೀಚರ ಮುಂದಿಟ್ಟು ಕೈ ಮುಗಿದ. ತಾಯಿ ಸೆರಗಿನಿಂದ ಗಾಳಿ ಹಾಕಲು ಬಂದಳು; ಗಾಳಿಯೂ ಆಗುವುದಿಲ್ಲ ಎಂದು ನಾನು ಹೇಳಬೇಕಾಯಿತು. ಎತ್ತಿದ ಸೆರಗನ್ನು ಹಾಗೇ ಹಿಡಿದುಕೊಂಡು ನಿಂತಳು, ಪಾಪ. ನಾವೆಲ್ಲ ಹಾಗೇ ನಿಂತಿದ್ದೆವು.

ಚಿತ್ತಮ್ಮ ಮರಳಿ ಬಂದಳು, ಪರೀಕ್ಷೆಗೂ ಕೂತಳು. ಮುಂದೆ ಕಾಲೇಜಿಗೂ ಆಡಿದಳೆಂದು ಕೇಳಿದೆ. ಟೀಚರ್ ಮಾತ್ರ ಆ ಪ್ರಯಾಣದಿಂದ ಚೇತರಿಸಿಕೊಂಡು ಬೆಂಚಿಗೆ ಮರಳಲು ಬಹಳ ದಿನ ಹಿಡಿಯಿತು. ಮರಳಿದವರೂ ಮೊದಲಿನವರಲ್ಲ. ಹೇಗೋ ಇನ್ನು ಕೆಲವು ವರ್ಷ ಕಾಲ ತಳ್ಳಿ, ಕೊನೆಗೆ ಕೆಲಸ ಬಿಟ್ಟರು. ಬೀಳ್ಕೊಡುಗೆ ಬೇಡವೆಂದರು. ತಾಯಿ ಮಗಳು ಮೊಳಕಾಲ್ಮುರಿಗೆ ಅಣ್ಣನ ಮನೆಗೆ ಹೋದರು. ಸಾಮಾನು ತುಂಬಿದ ಲಗೇಜ್ ಗಾಡಿಯ ಹಿಂದೆ ಖಾದರ್ ಭಾಯಿ ತಮ್ಮ ಆಟೋದಲ್ಲೇ ಅವರನ್ನು ಅಷ್ಟು ದೂರ ಕರೆದೊಯ್ದರು. ಬಸ್ಸಿನ ಕುಲುಕಾಟಕ್ಕೆ ಬಿಟ್ಟುಕೊಡಲು ಅವರಿಗೆ ಮನಸ್ಸಾಗಲಿಲ್ಲ.

ಎರಡು ಸಾವಿರದ ಇಸವಿಯ ಆಚೆಗೆ, ಬೆಂಗಳೂರಿನ ಒಬ್ಬ ಡಾಕ್ಟರು ಹೊಸ ಮಾತ್ರೆ ಕೊಟ್ಟರು. ಅಲ್ಲಿಂದ ಬಂದ ದಿನ ಟೀಚರ್ ಬೂತಿನಿಂದ ನನಗೆ ಫೋನ್ ಮಾಡಿದರು. ದನಿಯಲ್ಲಿ ಬಹಳ ಕಾಲದ ಮೇಲೆ ಗೆಲುವಿತ್ತು. "ಇದಕ್ಕೆ ಒಂದು ಹೆಸರೈತಂತೆ ಕಣೆ! ನನ್ನಂಥವ್ರು ಬೇಕಾದಷ್ಟು ಜನ ಅದಾರಂತೆ. ಗಾಯ ಮಾಯ್ದೈತೆ, ನರ ಮಾತ್ರ ಇನ್ನೂ ಕೂಗ್ತಾ ಐತೆ ಅಂದ್ರು."

"ವಾಸಿ ಆಗುತ್ತಂತಾ ಅಕ್ಕ?"

"ಇಲ್ಲಂತೆ. ಪೂರ್ತಿ ಹೋಗಲ್ಲ ಅಂದ್ರು. ಆದ್ರೆ ನಂಬಿದ್ರು ಕಣೆ. ನಾನು ಹೇಳಾಕೆ ಮುಂಚೇನೇ, ದುಪ್ಪಟಿ ತಾಗಿದ್ರೆ ಉರಿಯುತ್ತಾ ಅಂತ ಅವ್ರೇ ಕೇಳಿದ್ರು!"

ವಾಸಿಯಾಗುವುದಿಲ್ಲ ಎಂಬ ಸುದ್ದಿಯನ್ನು ಯಾರಾದರೂ ಅಷ್ಟು ಸಂತೋಷದಿಂದ ಹೇಳಿದ್ದನ್ನು ನಾನು ಕೇಳಿಲ್ಲ.

ಅವರು ತೀರಿಕೊಂಡು ಈಗ ವರ್ಷಗಳೇ ಆದವು. ಹೃದಯ ನಿಂತಿತಂತೆ, ಕಾಲಿಗೂ ಅದಕ್ಕೂ ಸಂಬಂಧವಿಲ್ಲವೆಂದರು. ಅದಕ್ಕೆ ಹಿಂದಿನ ಬೇಸಿಗೆಯಲ್ಲಿ ಒಮ್ಮೆ ನೋಡಲು ಹೋಗಿದ್ದೆ. ತಳಕು ದಾಟಿ, ಹಾನಗಲ್ ಕ್ರಾಸಿನಲ್ಲಿ ತಿರುಗಿ ಬಸ್ಸು ಮೊಳಕಾಲ್ಮುರು ತಲುಪುವಾಗ ಮಧ್ಯಾಹ್ನ. ಅವರದು ಒಂದೇ ಪಡಸಾಲೆಯ ಮನೆ. ಒಂದು ಮೂಲೆಯಲ್ಲಿ ಅಣ್ಣನ ಕುಣಿ ಮಗ್ಗ, ಇನ್ನೊಂದು ಮೂಲೆಯಲ್ಲಿ ಇವರ ಮಂಚ. ಬೇರೆ ಜಾಗವಿರಲಿಲ್ಲ. ಮಗ್ಗದ ಪ್ರತಿ ಹೊಡೆತಕ್ಕೂ ನೆಲ ಅದುರುತ್ತಿತ್ತು, ನೆಲದಿಂದ ಮಂಚಕ್ಕೆ, ಮಂಚದಿಂದ ಕಾಲಿಗೆ. ಮೊದಮೊದಲು ತಂಗಿಯ ಮುಖ ನೋಡಿ ಅಣ್ಣ ಮಗ್ಗ ನಿಲ್ಲಿಸಿಬಿಡುತ್ತಿದ್ದರಂತೆ. ನೇಯದಿದ್ದರೆ ಆ ಮನೆ ನಡೆಯುವುದು ಹೇಗೆ? ಅದಕ್ಕೆ ಟೀಚರ್ ಮುಖ ಬದಲಿಸದಿರುವುದನ್ನು ಕಲಿತರು. ಎಷ್ಟು ಚೆನ್ನಾಗಿ ಕಲಿತಿದ್ದರೆಂದರೆ ಆ ದಿನ ಅಣ್ಣ ನನಗೆ, "ಈಗ ಎಷ್ಟೋ ವಾಸಿ ಟೀಚರ್. ಸದ್ದು ಏನೂ ಮಾಡಲ್ಲ ಇವಳಿಗೆ" ಎಂದು ನೆಮ್ಮದಿಯಿಂದ ಹೇಳಿದರು. ಟೀಚರ್ ಅವರತ್ತ ನೋಡಿ ನಕ್ಕರು. ದುಪ್ಪಟಿಯ ಕೆಳಗೆ ಅವರ ಎಡಗೈ ಮಂಚದ ಪಟ್ಟಿಯನ್ನು ಹೇಗೆ ಹಿಡಿದಿತ್ತೆಂಬುದು ಪಕ್ಕದಲ್ಲಿ ಕೂತ ನನಗೆ ಮಾತ್ರ ಕಾಣುತ್ತಿತ್ತು.

ಹೇಳಬೇಡ ಎಂಬಂತೆ ಒಮ್ಮೆ ಕಣ್ಣು ಮಿಟುಕಿಸಿದರು. ನಾನು ಹೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಅಣ್ಣ ನೂಲು ತರಲು ಅಂಗಡಿಗೆ ಹೋದರು. ಮಗ್ಗ ನಿಂತಿತು. ಟೀಚರ್ ಶಾಲೆಯ ಬಗ್ಗೆ ಏನೋ ಕೇಳುತ್ತಿದ್ದವರು ಮಾತಿನ ನಡುವೆಯೇ ನನ್ನ ಭುಜಕ್ಕೆ ತಲೆ ಒರಗಿಸಿ ನಿದ್ದೆ ಹೋದರು. ಹಿಡಿದಿದ್ದ ಮಂಚದ ಪಟ್ಟಿಯನ್ನು ಬೆರಳುಗಳು ಒಂದೊಂದಾಗಿ ಬಿಟ್ಟವು. ಬಾಯಿ ಸ್ವಲ್ಪ ತೆರೆದಿತ್ತು. ಆ ಮುಖದಲ್ಲಿ ಎಷ್ಟೋ ವರ್ಷಗಳಿಂದ ಕಾಣದ ಸಡಿಲಿಕೆ ಇತ್ತು. ಅಣ್ಣ ನೂಲಿನ ಗಂಟು ಹಿಡಿದು ಬಂದವರು ಬಾಗಿಲಲ್ಲೇ ನಿಂತರು, ತಂಗಿಯನ್ನು ನೋಡಿದರು, ಮಗ್ಗಕ್ಕೆ ಇಳಿಯದೆ ಹೊಸ್ತಿಲ ಮೇಲೆ ಕೂತುಬಿಟ್ಟರು.

ಬಸ್ ಸ್ಟ್ಯಾಂಡ್ ಹತ್ತಿರವೇ. ಚಳ್ಳಕೆರೆಯ ಬಸ್ಸು ಹಾರ್ನ್ ಹೊಡೆದದ್ದು, ಕಂಡಕ್ಟರು ಊರ ಹೆಸರು ಕೂಗಿದ್ದು, ಬಸ್ಸು ಹೊರಟದ್ದು ಎಲ್ಲವೂ ಕೇಳಿಸಿತು. ನನ್ನ ತೋಳು ಜೋಮು ಹಿಡಿದಿತ್ತು. ಅಡುಗೆ ಮೂಲೆಯಿಂದ ಮುದುಕಿ ತಾಯಿ ಮೆಲ್ಲಗೆ ಬಂದು, ಬಾಯಿಗೆ ಸೆರಗು ಅಡ್ಡ ಹಿಡಿದು ಪಿಸುಗುಟ್ಟಿದರು, "ನಿನ್ನ ಬಸ್ಸು ಹೋಯ್ತು ಕಣವ್ವ."

ಹೋಗಲಿ ಎಂದು ಹೇಳಬೇಕಿತ್ತು. ಮಾತಾಡಿದರೆ ಭುಜ ಅಲುಗೀತೆಂದು ಕಣ್ಣಲ್ಲೇ ಹೇಳಿದೆ.